ಜೋಡೆತ್ತು ಅಂತ ಹೇಳಿ ಕೊಟ್ಟ ಎರಡು ಡಿಸ್ಕು

ನಾ ನಿವೃತ್ತಿ ಆಗಿ ಮೂರು ವರ್ಷ ಆತು. ಆದ್ರೂ ಜಲನಗರದ ನಮ್ಮ ಓಣ್ಯಾಗ ಯಾರ ಮನಿ ಕಂಪ್ಯೂಟರ್ ಮುನಿಸಿಕೊಂಡ್ರೂ ಮೊದಲ ಬಡಿಯೂದು ನಮ್ಮ ಬಾಗಲಾನ. ನನ್ನ ಹೆಂಡತಿ ಅಂತಾಳ, "ಪಗಾರ ನಿಂತೈತಿ, ಚಾಕರಿ ನಿಂತಿಲ್ಲ ನಿಮಗ." ಹೋದ ವಾರ ಬಾಜೂ ಮನಿ ಪೂರ್ಣಿಮಾ ಬಂದಿದ್ದಳು. ಹಾರ್ಡ್‌ವೇರ್ ಕೋರ್ಸಿಗೆ ಸೇರ್ಯಾಳ. ಕೈಯಾಗ ನೋಟ್‌ಬುಕ್ಕು, ಕಿವಿ ಮ್ಯಾಲೆ ಪೆನ್ನು.

"ಕಾಕಾ, ಒಂದ ದೊಡ್ಡ ಹಾರ್ಡ್ ಡಿಸ್ಕ್ ಹಾಕೂದು ಛಲೋನೋ, ಎರಡು ಸಣ್ಣವು ಕೂಡಿಸಿ ಒಂದ ಮಾಡಿ ಹಾಕೂದು ಛಲೋನೋ? ಪರೀಕ್ಷಾದಾಗ ಬರ್ತೈತಂತ."

ಪರೀಕ್ಷಾಕ್ಕ ಬೇಕಾದ ಉತ್ತರ ಎರಡು ಮಾತಿನ್ಯಾಗ ಹೇಳಿದೆ. ಎರಡು ಕೂಡಿಸಿದ್ರ ಓಟ ಜಾಸ್ತಿ. ಎರಡರಾಗ ಯಾವದ ಒಂದು ಕೆಟ್ರೂ ಎರಡರಾಗಿಂದೂ ಹೋತು. ಅಕಿ ಬರಕೊಂಡು ಥ್ಯಾಂಕ್ಸ್ ಹೇಳಿ ಹೋದಳು. ಆ ಎರಡನೇ ಮಾತು ಒಬ್ಬನಿಗೆ ನೆಟ್ಟಗ ಹೇಳದ ಇದ್ದಿದ್ದಕ್ಕ ಏನಾತು ಅನ್ನೂದು ಅಕಿ ಪುಸ್ತಕದಾಗ ಇಲ್ಲ. ಅದನ್ನ ಬರೀಬೇಕಂತ ಕುಂತೇನಿ. ಈ ಕೆಲಸಕ್ಕ ಬರಾಕತ್ತಿರೋ ಮಕ್ಕಳಿಗೆ ಉಪಯೋಗ ಆದ್ರ ಆಗಲಿ.

ನಾ ಇಡೀ ಹರೇ ಕಳದಿದ್ದು ವಿಜಾಪುರದಾಗ ಗುರುನಾಥರಾಯರ ಅಂಗಡ್ಯಾಗ. ಸೇರಿದಾಗ ಅಲ್ಲೆ ಟೈಪ್‌ರೈಟರ್ ರಿಪೇರಿ ನಡೀತಿತ್ತು. ಎಣ್ಣಿ ಬಾಟ್ಲಿ, ಬ್ರಶ್ಶು, ಸಣ್ಣ ಸುತ್ತಿಗಿ, ಇಷ್ಟ ನಮ್ಮ ಸಾಮಾನು. ಒಂದು ದಿನ ರಾಯರು ಒಂದು ಕಂಪ್ಯೂಟರ್ ತಂದು ಟೇಬಲ್ ಮ್ಯಾಲೆ ಇಟ್ಟು, "ಈರಣ್ಣ, ಇದನ್ನ ಬಿಚ್ಚು, ತಿರಗಿ ಜೋಡಸು. ಶುರು ಆದ್ರ ಇನ್ನ ಮ್ಯಾಲೆ ನೀನ ಇದರ ಡಾಕ್ಟರ" ಅಂದ್ರು. ಜೋಡಿಸಿದ ಮ್ಯಾಲೆ ಎರಡು ಸ್ಕ್ರೂ ಉಳದ್ವು. ಕಿಸೇದಾಗ ಹಾಕ್ಕೊಂಡೆ. ಕಂಪ್ಯೂಟರ್ ಮಾತ್ರ ಶುರು ಆತು. ರಾಯರು ನಕ್ಕೋತ, "ಕಿಸೇದಾಗಿನವು ಹೊರಗ ತಗಿ" ಅಂದ್ರು. ಅಂಥಾ ಕಣ್ಣು ಅವರದು.

ಈ ಕೆಲಸದಾಗ ಯಂತ್ರಕ್ಕಿಂತ ಮಂದೀನ ಜಾಸ್ತಿ ನೋಡಬೇಕಾಗತೈತಿ. ತಿಕೋಟಾದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಒಮ್ಮೆ ಫೋನ್ ಹಚ್ಚಿದ, "ಕಂಪ್ಯೂಟರ್ ಒಳಗ ಯಾರೋ ತಿರಗ್ಯಾಡಾಕತ್ತಾರ್ರಿ." ಬಸ್ ಹಿಡದು ಹೋದೆ. ಡಬ್ಬಿ ಬಿಚ್ಚಿದ್ರ ಒಳಗ ಇಲಿ ಸಂಸಾರ. ಬೆಚ್ಚಗಿನ ಜಾಗಾ ನೋಡಿ ಮರಿ ಹಾಕಿತ್ತು, ಬಾಜೂಕ ಎರಡು ಬೊಗಸಿ ಒಣದ್ರಾಕ್ಷಿ ಕೂಡಿಟ್ಟಿತ್ತು. ವ್ಯಾಪಾರಿಗೆ ಖುಷಿನೋ ಖುಷಿ, "ಇಲಿಗೂ ಗೊತ್ತೈತಿ ನೋಡ್ರಿ, ನಂದು ಒಂದ್ನೇ ನಂಬರ್ ಮಾಲು!" ನಾ ಚಿಮಟಿಗಿ ಹಿಡಕೊಂಡು ಮರಿ ತಗಿಬೇಕನ್ನೂದ್ರಾಗ ಅಂವನ ಹೆಂಡತಿ ಒಳಗಿಂದ ಬಂದು, "ಬಾಣಂತಿ ಐತಿ ಬಿಡ್ರಿ ಪಾಪ. ಎಂಟು ದಿನಾ ತಡದು ಬರ್ರಿ" ಅಂದಳು. ಎಂಟು ದಿನಾ ಅವರ ಕೆಲಸ ಕಾಗದದ ಮ್ಯಾಲೆ ನಡೀತು. ನಾ ತಿರಗಿ ಹೋಗೂದ್ರಾಗ ಮರಿ ಕಣ್ಣು ಬಿಟ್ಟು ಓಡಿ ಹೋಗಿದ್ವು.

ಇನ್ನ ದಸರಾದ ಖಂಡೇ ಪೂಜಿ ಮರುದಿನಾ ನಮ್ಮ ಅಂಗಡಿ ಮುಂದ ಕಂಪ್ಯೂಟರ್ ಸಾಲು ಹತ್ತತಿತ್ತು. ಫ್ಯಾನಿನ್ಯಾಗ ಕುಂಕುಮ, ಕೀಬೋರ್ಡಿನ್ಯಾಗ ಟೆಂಗಿನ ನೀರು. ನಗಬ್ಯಾಡ್ರಿ. ತಮ್ಮ ಹೊಟ್ಟಿಗೆ ಹಾಕೋ ವಸ್ತು ಅಂತ ತಿಳದು ಕೈ ಮುಗದಿರತಾರ. ಒರಸಿ, ಒಣಗಿಸಿ ಕೊಡೂದು ನಮ್ಮ ಕೆಲಸ.

ನನ್ನ ತಪ್ಪುಗಳನ್ನೂ ಹೇಳತೇನಿ. ಒಂದು ಹಳ್ಳಿ ಹೈಸ್ಕೂಲಿನ್ಯಾಗ ಹೊಸಾ ಡಿಸ್ಕ್ ಅಂತ ತಿಳದು ಹಳೇದನ್ನ ಫಾರ್ಮ್ಯಾಟ್ ಹೊಡದೆ. ಮೂರು ವರ್ಗದ ಮಾರ್ಕ್ಸ್ ಪೂರಾ ಹೋದ್ವು. ಹೆಡ್‌ಮಾಸ್ತರು ಕುರ್ಚಿ ಮ್ಯಾಲೆ ಕುಂತಲ್ಲೇ ಕುಂತ್ರು. ಅಂಗಡಿಗೆ ಬಂದು ರಾಯರಿಗೆ ಹೇಳಿದೆ. ಬೈತಾರ ಅಂತ ಕಾದೆ. ಬೈಲಿಲ್ಲ. "ಅವರ ಹಂತ್ಯಾಕ ಕಾಗದದ ಮ್ಯಾಲೆ ಐತೋ ಇಲ್ಲೋ? ಐತಲ್ಲ, ಹೋಗು, ಕುಂತು ಟೈಪ್ ಮಾಡು" ಅಂದ್ರು. ಒಂಬತ್ತು ದಿನಾ ಬಸ್ಸಿಗೆ ಹೋಗಿ ಬಂದೆ. ಮಾಸ್ತರು ಓದೂದು, ನಾ ಬಡಿಯೂದು. ಕಡೀ ದಿನಾ ಹೆಡ್‌ಮಾಸ್ತರು ತಾವ ಚಹಾ ತರಿಸಿ ಕೊಟ್ರು. ಅವತ್ತಿನಿಂದ ಡಿಸ್ಕಿಗೆ ಕೈ ಹಚ್ಚೂಕಿಂತ ಮೊದಲು ಅದರ ಹೆಸರು ಮೂರು ಸಲ ಓದತಿದ್ದೆ.

ನನಗೊಂದು ಅಹಂಕಾರ ಇತ್ತು. ಹಳ್ಳಿ ಮಂದಿಗೆ ತಿಳಿಯೂ ಹಂಗ ಹೇಳಾಕ ನನ್ನ ಬಿಟ್ರ ಯಾರೂ ಇಲ್ಲ ಅಂತ. ಹಾರ್ಡ್ ಡಿಸ್ಕ್ ಅಂದ್ರ ಹಗೇವು, ಇಡೀ ವರ್ಷದ ಜ್ವಾಳ ಅಲ್ಲೆ. ರ‍್ಯಾಮ್ ಅಂದ್ರ ಅಡಿಗಿಮನ್ಯಾಗಿನ ಡಬ್ಬಿ, ಅವತ್ತಿಗೆ ಬೇಕಾದಷ್ಟ ಇಲ್ಲೆ. ಹಿಂಗ ಹೇಳಿದ್ರ ರೈತರು ತಲಿ ಅಲ್ಲಾಡಸತಿದ್ರು, ನನ್ನ ಎದಿ ಉಬ್ಬತಿತ್ತು. ರಾಯರು ಮಾತ್ರ ಪ್ರತಿ ಸಲಾನೂ, "ನೀ ಏನ ಹೇಳಿದಿ ಬಿಡು. ಅಂವ ಏನ ತಿಳಕೊಂಡಾನ, ಅದನ್ನ ಕೇಳಿಯೇನು?" ಅಂತಿದ್ರು. ನನಗ ಆ ಮಾತು ಕಿರಿಕಿರಿ ಆಗತಿತ್ತು. ರಾಯರು ತೀರಿಕೊಂಡ ಮ್ಯಾಲೆ ಅವರ ಮಗ ಅಂಗಡಿ ನೋಡಾಕ ಶುರು ಮಾಡಿದ. ಅಂವ ಛಲೋ ಮನಶ್ಯಾ, ಆದ್ರ ಹಂಗ ಕೇಳಾಂವ ಅಲ್ಲ. ನಾನೂ ಕೇಳೂದು ಬಿಟ್ಟೆ.

ನನ್ನ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಸಿದ್ದಪ್ಪ ಬಂದ. ಕಾಖಂಡಕಿ ಅಂವಂದು, ಕುರಿ ಕಾಯೋ ಮನಿತನ. ಮೂವತ್ತು ದಾಟಿದ ಗಂಡಮಗ, ಬಬಲೇಶ್ವರದಾಗ ವಿಡಿಯೊ ಮಿಕ್ಸಿಂಗ್ ಅಂಗಡಿ ಇಟ್ಟಿದ್ದ. ಮದಿವಿ ಶೂಟಿಂಗ್ ಮಾಡತಿದ್ದ.

"ಸರ್ರ, ಮೂರು ಕ್ಯಾಮೆರಾದ್ದು ಒಮ್ಮೆಲೆ ಓಡಸಿ ಎಡಿಟ್ ಮಾಡೂದೈತ್ರಿ. ನನ್ನ ಕಂಪ್ಯೂಟರ್ ತಡವರಸತೈತಿ. ಏನರ ಮಾಡ್ರಿ, ಭಾಳ ಅರ್ಜೆಂಟ್ ಐತಿ."

"ಯಾರ ಮದಿವೋ?"

"ಮದಿವಿ ಅಲ್ರಿ. ನಮ್ಮ ದೊಡ್ಡವ್ವಂದು."

ದೊಡ್ಡವ್ವ ಅಂದ್ರ ಅಂವನ ಅವ್ವನ ಅಕ್ಕ, ಲಗಮವ್ವ. ಡೊಳ್ಳಿನ ಪದದ ಮೇಳದಾಗ ಮುಂದ ನಿಂತು ಹಾಡಾಕಿ. ಸಿದ್ದಪ್ಪಂದು ಮೂರು ವರ್ಷ ಇದ್ದಾಗ ಅವ್ವ ತೀರಿಕೊಂಡಿದ್ದಳು. ಅವತ್ತಿನಿಂದ ಇಂವನ್ನ ಹೊತಗೊಂಡು ಸಾಕಿದಾಕಿ ಇಕಿನ. ಸುತ್ತ ಹತ್ತು ಹಳ್ಳ್ಯಾಗ ಇಕಿ ಹಾಡ್ತಾಳ ಅಂದ್ರ ಮಂದಿ ಜಾಗಾ ಹಿಡದು ಕುಂದರತಿದ್ರು. ಅಕಿ ಗಂಟಲದಾಗ ಗಂಟು ಎದ್ದಿತ್ತು. ಆಪರೇಶನ್ ಮಾಡಬೇಕಾಗಿತ್ತು. ಡಾಕ್ಟರು ಖುಲ್ಲಾ ಹೇಳಿದ್ರಂತ, ಜೀವಕ್ಕ ಏನೂ ಆಗೂದಿಲ್ಲ, ದನಿ ಮಾತ್ರ ಹೆಂಗ ಉಳೀತೈತಿ ಹೇಳಾಕ ಬರೂದಿಲ್ಲ ಅಂತ.

"ಅದಕ್ಕ ಆಪರೇಶನ್‌ಕಿಂತ ಮೊದಲ ಅಕಿಗೆ ಬರೋ ಪದಾ ಎಲ್ಲಾ ಹಿಡದ ಇಡಬೇಕ್ರಿ ಸರ್ರ. ಆಮ್ಯಾಲೆ ಆ ದನಿ ಸಿಗತೈತೋ ಇಲ್ಲೋ" ಅಂದ. ಅನ್ನೂವಾಗ ನನ್ನ ಮಾರಿ ನೋಡಲಿಲ್ಲ, ಕೌಂಟರ್ ಮ್ಯಾಲಿನ ಧೂಳಾ ಬೆರಳಿಲೆ ಒರಸಾಕತ್ತಿದ್ದ.

ನಾ ಎರಡು ದಾರಿ ಹೇಳಿದೆ. ಒಂದು, ಎಂಟು ಟಿಬಿದು ಒಂದ ದೊಡ್ಡ ಡಿಸ್ಕು. ಇನ್ನೊಂದು, ನಾಲ್ಕು ನಾಲ್ಕರ ಎರಡು, ಕೂಡಿಸಿ ಒಂದ ಮಾಡೂದು. ಎರಡೂ ಒಮ್ಮೆಲೆ ಬರೀತಾವ, ಒಮ್ಮೆಲೆ ಓದತಾವ, ಮೂರಲ್ಲ ನಾಲ್ಕು ಕ್ಯಾಮೆರಾ ಓಡಸಿದ್ರೂ ತಡವರಸೂದಿಲ್ಲ. ಅಂವ ತಲಿ ಕೆರಕೊಂಡ. ಆಗ ನನ್ನ ಅಹಂಕಾರ ಎದ್ದು ನಿಂತು ಮಾತಾಡಿತು.

"ನೋಡಪಾ ಸಿದ್ದಪ್ಪ, ಒಂದ ದೊಡ್ಡದು ಅಂದ್ರ ಒಂಟೆತ್ತು. ಹೊಲಾ ಹೊಡೀತೈತಿ, ಆದ್ರ ತನ್ನ ಕಾಲಿಲೆ. ಎರಡು ಕೂಡಿಸಿದ್ದು ಅಂದ್ರ ಜೋಡೆತ್ತು. ದಿನದ ಕೆಲಸ ಅರ್ಧಾ ದಿನದಾಗ."

ಅಂವ ಶಾಣ್ಯಾ. ಬರೋಬ್ಬರಿ ಪ್ರಶ್ನಿ ಕೇಳಿದ, "ಒಂದು ಮಲಗಿದ್ರರಿ?"

"ಒಂದು ಮಲಗಿದ್ರ ಗಳೇ ನಿಂತಂಗ, ಹೊಲಾ ಹೊಡಿಯೂದು ಬಂದ್" ಅಂದೆ.

ಸಿದ್ದಪ್ಪ ತಲಿ ಅಲ್ಲಾಡಿಸಿದ. ಅಷ್ಟರಾಗ ಫೋನ್ ಬಂತು, ನಾ ಎದ್ದು ಹೋದೆ. ಮರುದಿನಾ ಎರಡು ಡಿಸ್ಕು ಕೂಡಿಸಿ ಹಚ್ಚಿಕೊಟ್ಟೆ. ಓಡಿದ್ದು ನೋಡಿ ಅಂವ, "ಅಬಬಬ, ಗಾಳಿ ಆತಲ್ರಿ ಸರ್ರ!" ಅಂದ. ನನಗೂ ಹಿಗ್ಗು.

ಎರಡು ತಿಂಗಳ ಮ್ಯಾಲೆ ಒಂದು ಮುಂಜಾನೆ ಅಂಗಡಿ ಬಾಗಲಾ ತಗಿಯೂದ ತಡ, ಸಿದ್ದಪ್ಪ ಬಂದ. ಗಾಡಿ ಹಿಂದ ಕಂಪ್ಯೂಟರ್ ಕಂಬಳ್ಯಾಗ ಸುತ್ತಿ ಕಟಗೊಂಡಿದ್ದ. ಮಾರಿ ಮ್ಯಾಲೆ ನಗಿ.

"ಸರ್ರ, ಒಂದೆತ್ತು ಮಲಗೈತ್ರಿ. ಹೊಸಾದೊಂದು ಹೂಡಿಕೊಡ್ರಿ. ಸ್ವಲ್ಪ ಲಗೂ ಆಗಲಿ, ನಾಳಿ ಒಂದು ಮದಿವಿ ಮಿಕ್ಸಿಂಗ್ ಮುಗಿಸಿ ಕೊಡೂದೈತಿ."

ಕರೆಂಟ್ ಹಚ್ಚಿ ಕಿವಿ ಕೊಟ್ಟೆ. ಒಂದು ಡಿಸ್ಕು ಟಕ್, ಟಕ್, ಟಕ್ ಅನ್ನಾಕತ್ತಿತ್ತು. ಆ ಸಪ್ಪಳ ಬಂತಂದ್ರ ಡಿಸ್ಕು ಸತ್ತಂಗನ. ತಟ್ಟನ ಸ್ವಿಚ್ ತಗದೆ.

"ದೊಡ್ಡವ್ವನ ಪದಾ ಎಲ್ಲೆ ಅದಾವೋ?"

"ಇದರಾಗನ್ರಿ. ಮೂರು ದಿನದಾಗ ಮೂವತ್ತೊಂದು ಪದಾ ಹಾಡ್ಯಾಳ. ಮದಿವಿ ಸುಗ್ಗಿ ಬಂತಲ್ರಿ, ಎಡಿಟ್ ಮಾಡೂದು ಹಂಗ ಉಳದೈತಿ."

"ಕ್ಯಾಮೆರಾದ ಕಾರ್ಡಿನ್ಯಾಗ ಇಟ್ಟೀಯಲ್ಲ?"

"ಇಲ್ರಿ. ಕಾರ್ಡೂ ಅಳಿಸಿ, ಆವಾಜಿನ ರೆಕಾರ್ಡರೂ ಅಳಿಸಿ ಮದಿವಿಗೆ ಹಾಕೇನಿ. ಎರಡೆರಡು ಡಿಸ್ಕು ಅದಾವಲ್ಲ, ಒಂದು ಹೋದ್ರ ಇನ್ನೊಂದು ಇರ್ತೈತಂತ ಚಿಂತಿ ಮಾಡಲಿಲ್ಲ."

"ಆಪರೇಶನ್?"

"ಆಗಿ ಹದಿನೈದು ದಿನಾ ಆತ್ರಿ. ಆರಾಮ ಅದಾಳ. ಮಾತು ಒಂದ ಆಡವಲ್ಲಳು."

ಆಗ ತಿಳೀತು ನನಗ. ರೈತನ ಮನ್ಯಾಗ ಒಂದೆತ್ತು ಮಲಗಿದ್ರ ಗಳೇ ನಿಂದರತೈತಿ, ಖರೇ. ಆದ್ರ ಇನ್ನೊಂದು ಎತ್ತು ಕೊಟ್ಟಿಗ್ಯಾಗ ಮೇಯಕೋತ ಇರ್ತೈತಿ. ಬಾಜೂದವರ ಎತ್ತು ತಂದು ಹೂಡಿದ್ರ ಮರುದಿನಾ ಗಳೇ ಶುರು. ಸಿದ್ದಪ್ಪ ನನ್ನ ಮಾತು ಒಂದಕ್ಷರ ತಪ್ಪದ ತಿಳಕೊಂಡಿದ್ದ. ತಪ್ಪಿದ್ದು ನನ್ನ ಹೋಲಿಕಿ.

ಮುಂದ ನಾ ಮಾಡಿದ್ದನ್ನ ಬರಿಯಾಕ ಈಗೂ ನಾಚಿಕಿ ಆಗತೈತಿ. ಅಂವಗ ಅಷ್ಟನ್ನ ಹೇಳೂದು ಬಿಟ್ಟು ಜೋರು ಮಾಡಿದೆ. "ಕಾರ್ಡ್ ಅಳಸಾಕ ಯಾರ ಹೇಳಿದ್ರೋ ನಿನಗ? ಒಂದು ನಕಲು ಬ್ಯಾರೆ ಕಡೆ ಇಡಬೇಕನ್ನೂದು ತಿಳೀದಿಲ್ಲೇನು? ಇಷ್ಟು ವರ್ಷ ಏನ ಮಿಕ್ಸಿಂಗ್ ಮಾಡಿದ್ಯೋ?"

ಅಂವನ ನಗಿ ಹಂಗ ಮಾರಿ ಮ್ಯಾಲೆ ಒಣಗಿತು. "ಇನ್ನೊಂದರಾಗ ಇರ್ತಾವಲ್ರಿ ಪದಾ?"

ಆಗ ನೆಟ್ಟಗ ಹೇಳಿದೆ. ಯಾವ ಎತ್ತೂ ಇಲ್ಲ, ಹಗೇವೂ ಇಲ್ಲ. ಒಂದೊಂದು ಪದಾನೂ ಸಣ್ಣ ಸಣ್ಣ ತುಂಡಾಗತೈತಿ. ಮೊದಲ್ನೇ ತುಂಡು ಈ ಡಿಸ್ಕಿನ್ಯಾಗ, ಎರಡ್ನೇದು ಆ ಡಿಸ್ಕಿನ್ಯಾಗ, ಮೂರ್ನೇದು ಮತ್ತ ಈ ಡಿಸ್ಕಿನ್ಯಾಗ. ಒಂದು ಹೋದ್ರ ಇನ್ನೊಂದರಾಗ ಒಂದೂ ಪೂರಾ ಪದಾ ಇರೂದಿಲ್ಲ. ಈ ಸಲ ಒಂದ ನಿಮಿಷದಾಗ ತಿಳೀತು ಅಂವಗ. ಕೌಂಟರ್ ಹಿಡದು ನಿಂತ. "ನಂದ ತಪ್ಪಾತ್ರಿ ಸರ್ರ" ಅಂದ.

ನಾ ಅಲ್ಲ ಅನ್ನಲಿಲ್ಲ. ನಿವೃತ್ತಿಗೆ ಎರಡು ತಿಂಗಳಿತ್ತು. ಅಂಗಡ್ಯಾಗ ಆಳುಗಳು ನಿಂತಿದ್ರು, ಮಾಲಕ ನಿಂತಿದ್ದ. ಈರಣ್ಣ ಕಡೀಕ ಒಂದು ತಪ್ಪು ಮಾಡಿ ಹೋದ ಅನಿಸಿಕೊಳ್ಳಾಕ ಮನಸ್ಸಿದ್ದಿದ್ದಿಲ್ಲ. ಇಷ್ಟ ಕಾರಣ, ಬ್ಯಾರೆ ಏನೂ ಇಲ್ಲ.

ಕೆಟ್ಟ ಡಿಸ್ಕನ್ನ ಪುಣೆಗೆ ಕಳಿಸಿದ್ವಿ. ಅಲ್ಲೆ ಡಿಸ್ಕು ಬಿಚ್ಚಿ ಒಳಗಿಂದು ತಗಿಯೋರು ಅದಾರ. ಇಪ್ಪತ್ತು ದಿನದ ಮ್ಯಾಲೆ ತಿರಗಿ ಬಂತು. ಒಳಗಿನ ತಟ್ಟಿ ಪೂರಾ ಗೀಚಿ ಹೋಗೈತಿ, ಏನೂ ಬರೂದಿಲ್ಲ ಅಂದ್ರು. ಸಿದ್ದಪ್ಪ ಎರಡು ದಿನಕ್ಕೊಮ್ಮೆ ಬಂದು ಅಂಗಡಿ ಕಟ್ಟಿ ಮ್ಯಾಲೆ ಕುಂದರತಿದ್ದ. ಪುಣೆ ಸುದ್ದಿ ಹೇಳಿದ ದಿನಾ ಬಾಯಿ ಬಿಟ್ಟ.

"ಹಿಮ್ಮೇಳದ ಹೆಣ್ಣಮಕ್ಕಳು ನನ್ನ ಕಂಡ್ರ ಮಾರಿ ತಿರಗಸ್ತಾರ್ರಿ. ಅದೇನ ಇರಲಿ ಬಿಡ್ರಿ. ದೊಡ್ಡವ್ವ ಒಂದು ಮಾತ ಸುದ್ದಾ ಆಡವಲ್ಲಳು. ಡಾಕ್ಟರು ಈಗ ಮಾತಾಡಬಹುದು ಅಂದು ಭಾಳ ದಿನಾ ಆತು. ಬೈದ್ರ ಬೈಸಿಕೊಂತಿದ್ದೆ, ಹೊಡದ್ರ ಹೊಡಸಿಕೊಂತಿದ್ದೆ. ಬಾಗಲದಾಗ ನಿಂತ್ರ ಒಳಗ ಎದ್ದು ಹೋಗತಾಳ್ರಿ. ನಾ ಆ ಮನಿಗೆ ಉಣ್ಣಾಕ ಹೋಗೂದ ಬಿಟ್ಟೇನಿ. ಬಬಲೇಶ್ವರದ ಅಂಗಡ್ಯಾಗ ಮಲಕೊಂತೀನಿ."

ಅವತ್ತು ಮನಿಗೆ ಬಂದು ಹೆಂಡತಿಗೆ ಎಲ್ಲಾ ಹೇಳಿದೆ. ಅಕಿ ರೊಟ್ಟಿ ಬಡಿಯೂದು ನಿಲ್ಲಿಸಿ, "ತಪ್ಪು ನಿಮ್ಮದಂತ ಗೊತ್ತಿದ್ದೂ ಅಂವನ ಮ್ಯಾಲೆ ಯಾಕ ಬಿಟ್ರಿ? ತಾಯಿ ಇಲ್ಲದ ಮಗಾ ಅದು" ಅಂದಳು. ನಾ ಗಂಗಾಳ ಸರಿಸಿ ಎದ್ದೆ.

ಉಳಿದ ಡಿಸ್ಕು ನನ್ನ ಟೇಬಲ್ ಮ್ಯಾಲೇ ಇತ್ತು. ಅದರಾಗಿನ ವಿಡಿಯೊ ಯಾವದೂ ತೆರೀಲಿಲ್ಲ, ಅರ್ಧಾ ವಿಡಿಯೊ ಅಂದ್ರ ಏನೂ ಇಲ್ಲದಂಗ. ಆದ್ರ ಸಿದ್ದಪ್ಪ ಲಗಮವ್ವನ ದನಿ ಬ್ಯಾರೆ ಹಿಡದಿದ್ದ, ಕೊಳ್ಳಿಗೆ ಸಣ್ಣ ಮೈಕ್ ಹಚ್ಚಿ, ಸಣ್ಣ ರೆಕಾರ್ಡರಿನ್ಯಾಗ. ಆ ಫೈಲು ಹಿಂಡಿ ಸಣ್ಣ ಮಾಡಿದ್ದಲ್ಲ, ದನಿ ಹೆಂಗ ಬಂತೋ ಹಂಗ ಬರದಿಟ್ಟಿದ್ದು. ಹಂಗಿದ್ದದ್ದನ್ನ ತುಂಡು ತುಂಡಾಗಿ ಆದ್ರೂ ಕೇಳಬಹುದು ಅಂತ ಒಂದು ಆಸೆ ಹುಟ್ಟಿತು. ಆಯಿತವಾರ ಅಂಗಡಿ ಬಂದ್ ಇತ್ತು. ಒಬ್ಬನ ಹೋಗಿ ಬಾಗಲಾ ತಗದು ಕುಂತೆ.

ಮಧ್ಯಾಹ್ನದ ಹೊತ್ತಿಗೆ ಕಿವ್ಯಾಗ ಒಂದು ಹೆಣ್ಣು ದನಿ ಬಂತು. ಒಂದು ಸೆಕೆಂಡಿಗೆ ಸ್ವಲ್ಪ ಕಡಿಮಿ ಹಾಡತಿತ್ತು, ಆಮ್ಯಾಲೆ ನಡುವ ಹಾರಿ ಮುಂದಿನ ತುಂಡಿಗೆ ಜಿಗೀತಿತ್ತು. ಹೋದ ತುಂಡಿನ ಜಾಗಾದಾಗ ಅಷ್ಟ ಉದ್ದದ ಖಾಲಿ ಹಾಕಿ ಜೋಡಿಸಿದೆ. ಒಂದು ಸೆಕೆಂಡ್ ದನಿ, ಒಂದು ಸೆಕೆಂಡ್ ಏನೂ ಇಲ್ಲ. "ಹಿಂಡಿನ ಮುಂ..." ಅಂತ ಬಂತು, ನಿಂತಿತು. "...ರಿಯಾ, ಗಂ..." ಅಂತು, ನಿಂತಿತು. ಎಂಥಾ ದನಿ ಅಂತೀರಿ! ಎದಿ ಮ್ಯಾಲೆ ಕೈ ಇಟ್ಟಂಗ ಬರತಿತ್ತು, ಕೈ ತಗದಂಗ ಹೋಗತಿತ್ತು. ನಾ ಅಂಗಡ್ಯಾಗ ಒಬ್ಬನ ಕುಂತು ಅತ್ತೆ.

ಒಂದು ವಾರ ಹಿಡದು ಮೂವತ್ತೊಂದು ಪದಾ ಹಂಗ ಜೋಡಿಸಿದೆ. ಜೋಡಿಸಿ ಲ್ಯಾಪ್‌ಟಾಪಿನ್ಯಾಗ ಹಾಕ್ಕೊಂಡು ಬಬಲೇಶ್ವರಕ್ಕ ಹೋದೆ. ಸಿದ್ದಪ್ಪಗ ಮೊದಲ ಹೇಳಿದೆ, "ತಪ್ಪು ನಿಂದಲ್ಲೋ. ನೀ ಒಂದು ಮಲಗಿದ್ರ ಅಂತ ಕೇಳಿದ್ದಿ, ನಾ ತಪ್ಪು ಹೇಳಿದೆ. ಗೊತ್ತಿದ್ದೂ ನಿನ್ನ ಬೈದೆ." ಅಂವ ಗಾಡಿ ಕೀಲಿ ಕೈಗೆ ತಗೊಂಡ. ಆಮ್ಯಾಲೆ, "ಅದನ್ನ ನನಗ ಹೇಳಿದ್ರ ಏನ ಬಂತ್ರಿ ಸರ್ರ" ಅಂದ. ಖರೇ ಮಾತು. ಅಂವನ ಗಾಡಿ ಮ್ಯಾಲೇ ಕುಂತು ಕಾಖಂಡಕಿಗೆ ಹೋದ್ವಿ.

ಲಗಮವ್ವ ಮನಿ ಮುಂದ ಬೇವಿನ ಗಿಡದ ನೆರಳಾಗ ಕುಂತು ಒಂದು ಕುರಿಮರಿಗೆ ಬಾಟ್ಲಿಲೆ ಹಾಲು ಕುಡಸಾಕತ್ತಿದ್ದಳು. ಎತ್ತರದ ಹೆಣ್ಣಮಗಳು, ಕೊಳ್ಳಿಗೆ ಬಿಳೀ ಅರಬಿ ಸುತ್ತಿಕೊಂಡಿದ್ದಳು. ಸಿದ್ದಪ್ಪ ಹಟ್ಟಿ ಬಾಗಲದಾಗ ನಿಂತುಬಿಟ್ಟ, ಮುಂದ ಬರಲಿಲ್ಲ. ಅಂವನ್ನ ನೋಡಿ ಅಕಿ ಏಳಾಕ ಹೋದಳು. ನಾ ಅಡ್ಡ ನಿಂತು ಕೈ ಮುಗದೆ.

"ಯವ್ವಾ, ಒಂದು ಮಾತು ಕೇಳು. ನಾ ವಿಜಾಪುರದ ಕಂಪ್ಯೂಟರ್ ಅಂಗಡಿ ಈರಣ್ಣ. ನಿನ್ನ ಪದಾ ಕಳದಿದ್ದು ಸಿದ್ದಪ್ಪ ಅಲ್ಲ, ನಾನು."

ಕುಂತಳು. ನಾ ಒಂದೂ ಬಿಡದ ಹೇಳಿದೆ. ಎತ್ತಿನ ಮಾತು, ಅಂವ ಕೇಳಿದ ಪ್ರಶ್ನಿ, ನಾ ಕೊಟ್ಟ ಉತ್ತರ, ಅಂಗಡ್ಯಾಗ ಬೈದಿದ್ದು, ತಿಂಗಳ ಮ್ಯಾಲೆ ಬಾಯಿ ಮುಚಕೊಂಡಿದ್ದು. ಅಕಿ ಕಣ್ಣು ನನ್ನ ಮ್ಯಾಲಿಂದ ಸರೀಲಿಲ್ಲ. ಮರಿ ಹಾಲು ಮುಗಿಸಿ ಅಕಿ ಸೆರಗು ಜಗ್ಗಾಕತ್ತಿತ್ತು. ಕಡೀಕ ಅರ್ಧಾ ದನಿ ಉಳ್ಕೊಂಡೈತಿ ಅಂತ ಹೇಳಿ ಲ್ಯಾಪ್‌ಟಾಪ್ ತಗದೆ. ಅಕಿ ಬೆರಳಿಲೆ, ಹಚ್ಚು ಅಂತ ಸನ್ನಿ ಮಾಡಿದಳು.

ಹಚ್ಚಿದೆ. ಕುರಿ ಹಿಂಡಿನ ಮುಂದ ಹೋಗೋ ಟಗರಿಗೆ ಹೇಳೋ ಪದಾ ಅದು. ಹಿಂದ ಒಂದು ಮರಿ ಕಾಲಿಗೆ ಮುಳ್ಳು ನಟ್ಟೈತಿ, ತುಸು ನಿಂದರು ಅಂತ ಹೇಳೂದು. "ಹಿಂಡಿನ ಮುಂ..." ಅಂತ ಅಕಿ ಹಳೇ ದನಿ ಅಂಗಳದಾಗ ಬಂತು, ನಿಂತಿತು. "...ರಿಯಾ, ಗಂ..." ಬಂತು, ನಿಂತಿತು. ಹಿಂದ ತಿರಗಿ ನೋಡಿದೆ. ಸಿದ್ದಪ್ಪ ಬಾಗಲದಾಗ ಇದ್ದಿದ್ದಿಲ್ಲ, ಕೇಳಲಾರದ ಹೊರಗ ಹೋಗಿದ್ದ.

ಲಗಮವ್ವ ಕಣ್ಣು ಮುಚ್ಚಿದ್ದಳು. ತೊಡಿ ಮ್ಯಾಲೆ ಕೈ ತಾಳಾ ಹಾಕಾಕತ್ತಿತ್ತು. ಎರಡ್ನೇ ಸಾಲಿಗೆ ಬಂದಾಗ ತುಟಿ ಅಲ್ಲಾಡಿದ್ವು. ಮೂರ್ನೇ ಸಾಲಿಗೆ ನನಗ ಕೇಳಿಸಿತು. ಲ್ಯಾಪ್‌ಟಾಪ್ ಸುಮ್ಮ ಆದಲ್ಲೆಲ್ಲಾ ಒಂದು ಒಡಕ ದನಿ, ಗಂಡಸರ ಹಂಗ ದಪ್ಪ, ಅಂಚು ಹರದಿದ್ದು, ಖಾಲಿ ಜಾಗಾ ತುಂಬಾಕತ್ತಿತ್ತು. "ಹಿಂದಿನ ಮ" ಅಂತ ಹಳೇ ದನಿ ಬಿಟ್ರ, "ರಿಯ ಕಾಲಿ" ಅಂತ ಇದು ಹಿಡೀತಿತ್ತು. ಒಂದಕ್ಷರ ತಪ್ಪಲಿಲ್ಲ. ಪದಾ ಮುಗೀತು. ಅಕಿ ಕಣ್ಣು ತಗದಳು. ಅಂಗಳದ ಆಚಿ ನೋಡಿ, ಇದ್ದಷ್ಟು ದನಿ ಎತ್ತಿ ಕೂಗಿದಳು.

"ಸಿದ್ಯಾ! ಲೇ ಸಿದ್ಯಾ! ಬಾ ಇಲ್ಲೆ!"

ಅಂವ ಓಡಿ ಬಂದ. ಯಾರು ಕೂಗಿದ್ರು ಅಂತ ತಿಳೀದ ಅತ್ತಿತ್ತ ನೋಡಿದ.

"ಏನ ನೋಡ್ತೀಯೋ, ನಾನ ಕೂಗೇನಿ. ಇದ ಈಗ ನನ್ನ ದನಿ" ಅಂದಳು. ಅನ್ನೂವಾಗ ಕೊಳ್ಳಿನ ಅರಬಿ ಹಿಡಕೊಂಡಿದ್ದಳು. "ನಾ ಮಾತಾಡಲಿಲ್ಲ ಅಂದ್ರ ಸಿಟ್ಟಂತ ತಿಳದ್ಯೇನೋ ಹುಚ್ಚಪ್ಯಾಲಿ? ಸಣ್ಣಾಂವ ಇದ್ದಾಗ ನನ್ನ ದನಿ ಕೇಳಿದ್ರನ ನೀ ನಿದ್ದಿ ಮಾಡತಿದ್ದಿ. ಇಂಥಾ ದನಿ ನಿನ್ನ ಕಿವಿಗೆ ಹೆಂಗ ಹಾಕಲಿ ಅಂತ ಬಾಯಿ ಮುಚಕೊಂಡಿದ್ದೆ. ನೀ ಉಣ್ಣೂದ ಬಿಟ್ಟಿಯಲ್ಲೋ!"

ಸಿದ್ದಪ್ಪ ಅಕಿ ಮುಂದ ಮಣ್ಣಾಗ ಕುಂತು, ತೊಡಿ ಮ್ಯಾಲೆ ತಲಿ ಇಟ್ಟು ಅಳಾಕ ಶುರು ಮಾಡಿದ. ಕುರಿಮರಿ ಅಂಜಿ ಬಾಜೂಕ ಜಿಗೀತು. ಲಗಮವ್ವ ಅಂವನ ತಲಿ ಸವರಕೋತ ನನ್ನ ಕಡೆ ತಿರಗಿದಳು.

"ನೀ ಮೊದಲ ಹೇಳಬೇಕಿತ್ತು ಯಪ್ಪಾ. ಪದಾ ಹೋದ್ರ ಹೋಗಲಿ. ಒಂದು ತಿಂಗಳು ಈ ಕೂಸು ಉಪಾಸ ಬಿತ್ತು."

ಬೈದ್ರ ಬೈಲಿ ಅಂತ ಬಂದಿದ್ದೆ. ಇದು ಬೈಗಳಕ್ಕಿಂತ ಕೆಟ್ಟ ತಾಕಿತು. "ತಪ್ಪಾತವ್ವಾ" ಅಂದೆ. ಅಕಿ ಹೂಂ ಅಂದಳು. ಮಾಫ್ ಮಾಡಿದೆ ಅಂತ ಅನ್ನಲಿಲ್ಲ, ಒಳಗ ಹೋಗಿ ರೊಟ್ಟಿ, ಝುಣಕಾ ತಂದು ಮೂರು ಗಂಗಾಳ ಇಟ್ಟಳು. ಅಂವ ಉಣ್ಣೂತನಕ ಬಾಜೂಕ ಕುಂತಳು.

ಉಂಡು ಕೈ ತೊಳಕೊಂಡ ಮ್ಯಾಲೆ ಅಕಿನ ಹೇಳಿದಳು, "ಸಿದ್ಯಾ, ಆ ಮೈಕ್ ತಾ. ಹೋದಲ್ಲೆಲ್ಲಾ ನಾ ಹಾಡತೇನಿ. ಹೆಂಗ ಬರತೈತಿ ಹಂಗ ಬರಲಿ." ಸಿದ್ದಪ್ಪ ಗಾಡಿ ಪೆಟಿಗ್ಯಾಗಿಂದ ರೆಕಾರ್ಡರ್ ತಂದ. ಅಕಿ ಕಿವಿಗೆ ಲ್ಯಾಪ್‌ಟಾಪಿನ ಹೆಡ್‌ಫೋನ್ ಹಚ್ಚಿ, ಮೈಕು ಅಂವ ತಾನ ಹಿಡದು ಕುಂತ. ನಾ ಲ್ಯಾಪ್‌ಟಾಪಿನ್ಯಾಗ ಪದಾ ಶುರು ಮಾಡಿದೆ. ಹಳೇ ದನಿ ಇದ್ದಲ್ಲೆ ಅಕಿ ಸುಮ್ಮ ಕುಂದರತಿದ್ದಳು, ಇಲ್ಲದಲ್ಲೆ ತಾನು ಹಾಡತಿದ್ದಳು. ಮುಂದ ಹಾಡಾಕಿ ಒಂದು ಸಾಲು ಮುಗಿಸಿದ್ರ ಅದನ್ನ ಹಿಮ್ಮೇಳ ತಿರಗಿ ಹಾಡೂದು ಅವರ ಪದ್ಧತಿ. ಅವತ್ತು ಹಿಮ್ಮೇಳ ಇದ್ದಿದ್ದಿಲ್ಲ. ಸಾಲು ಮುಗೀತು, ಅಕಿ ಸಿದ್ದಪ್ಪನ ಕಡೆ ನೋಡಿ ಗದ್ದಾ ಎತ್ತಿದಳು. ಜನ್ಮದಾಗ ಹಾಡಿದಾಂವ ಅಲ್ಲ ಅಂವ. ಮೂಗು ಒರಸಿಕೊಂಡು, ಮೈಕು ಅಕಿ ಬಾಯಿ ಮುಂದಿಂದ ಸರಿಸಲಾರದ, ಹಿಂದಿನ ಮರಿ ಸಲುವಾಗಿ ತುಸು ನಿಂದರು ಅನ್ನೋ ಸಾಲನ್ನ ದೊಡ್ಡವ್ವನ ಹಿಂದ ಹಾಡಿದ.